ಮಾಂಟೆಸ್ಸರಿ ಹಾಕುವವರಿಗೆ ಬಳಕೆಯ ಸೂಚನೆಗಳು

ಮೊದಲು ಇದನ್ನು ಓದಿರಿ

ಕಬ್ಬಿನ ಬಿಲ್ಲು ಬಂದಿದೆ, ಬಸ್ ಸ್ಟ್ಯಾಂಡಿನ ಹಿಂದೆ ಎರಡು ಗುಂಟೆ ಜಾಗ ಇದೆ, ಸೊಸೆ ಡಿ.ಎಡ್. ಮುಗಿಸಿ ಮನೆಯಲ್ಲೇ ಇದ್ದಾಳೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲ್ಲೂಕುಗಳಲ್ಲಿ ಮಾಂಟೆಸ್ಸರಿ ಹಾಕಲು ಇಷ್ಟು ಸಾಕು ಎಂಬ ನಂಬಿಕೆ ಇದೆ. ಮುಕ್ಕಾಲು ಪಾಲು ನಿಜವೂ ಹೌದು. ಉಳಿದ ಕಾಲು ಪಾಲಿಗಾಗಿ ಈ ಕೈಪಿಡಿ.

ಸ್ಥಳದ ಚಿಂತೆ ಬೇಡ. ಚಿಕ್ಕೋಡಿ ಜಿಲ್ಲೆಯಾಗಬೇಕೆಂಬ ಕೂಗಿಗೆ ದಶಕಗಳಾದರೂ ಅದಿನ್ನೂ ಜಿಲ್ಲೆಯಾಗಿಲ್ಲ. ಶೈಕ್ಷಣಿಕ ಜಿಲ್ಲೆ ಮಾತ್ರ ಎಂದೋ ಆಗಿ ಕೂತಿದೆ. ಡಿಸಿ ಸಾಹೇಬರನ್ನು ಕಾಣಬೇಕಾದರೆ ಬೆಳಗಾವಿ ಬಸ್ಸು ಹತ್ತಬೇಕು, ಡಿಡಿಪಿಐ ಸಾಹೇಬರು ಚಿಕ್ಕೋಡಿಯಲ್ಲೇ ಸಿಗುತ್ತಾರೆ. ದೊಡ್ಡವರ ಕೆಲಸ ದೂರ, ಮಕ್ಕಳ ಕೆಲಸ ಹತ್ತಿರ. ಸಾಲಿ ಹಾಕುವವನಿಗೆ ಇದಕ್ಕಿಂತ ಒಳ್ಳೆಯ ಶಕುನ ಬೇಕೆ?

ಬೋರ್ಡು

ಎಲ್ಲಕ್ಕೂ ಮೊದಲು ಬೋರ್ಡು ಬರೆಸಿ. ಕಟ್ಟಡಕ್ಕಿಂತ ಮೊದಲು, ಟೀಚರಿಗಿಂತ ಮೊದಲು. ಹೆಸರಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ಮಾರಿಯಾ ಮಾಂಟೆಸ್ಸರಿ ಮತ್ತು ಮಗ ಮಾರಿಯೋ 1929ರಲ್ಲೇ ಒಂದು ಅಂತಾರಾಷ್ಟ್ರೀಯ ಸಂಘ ಕಟ್ಟಿದರು, ಅದು ಇಂದಿಗೂ ಶಿಕ್ಷಕರಿಗೆ ತರಬೇತಿ ಕೊಡುತ್ತದೆ. ಆದರೆ ನಿಮ್ಮ ಬೋರ್ಡು ಇಳಿಸಲು ಅದರಿಂದ ಯಾರೂ ಬರುವುದಿಲ್ಲ. ಅಮೆರಿಕದಲ್ಲಿ ಇದೇ ಹೆಸರಿಗಾಗಿ ಎರಡು ಸಂಘಗಳು ಜಗಳಾಡಿದಾಗ, ಇದು ಯಾರೊಬ್ಬರ ಸ್ವತ್ತೂ ಅಲ್ಲ, ಒಂದು ಪದ್ಧತಿಯ ಹೆಸರು ಅಷ್ಟೇ ಎಂದು ಅಲ್ಲಿನ ಟ್ರೇಡ್‌ಮಾರ್ಕ್ ಕಚೇರಿ 1967ರಲ್ಲೇ ಹೇಳಿ ಕೈತೊಳೆದುಕೊಂಡಿತು. ಹಾಗಾಗಿ ನೀವು ಮಾಂಟೆಸರಿ ಎಂದಾದರೂ ಬರೆಸಿ, ಮಾಂಟೇಸ್ವರಿ ಎಂದಾದರೂ ಬರೆಸಿ. ಎರಡನೆಯದರಲ್ಲಿ ಒಂದು ದೈವಕಳೆಯೂ ಇದೆ.

ಬೋರ್ಡಿನ ಮೇಲೆ ಮಿಕ್ಕಿ ಮೌಸ್ ಒಂದು ಕಡೆ, ಛೋಟಾ ಭೀಮ ಇನ್ನೊಂದು ಕಡೆ, ನಡುವೆ ಸರಸ್ವತಿ. ಮಾಂಟೆಸ್ಸರಿಯ ಫೋಟೋ ಹಾಕುವ ರೂಢಿ ಇಲ್ಲ, ಹಾಕಿದರೆ ಸಂಸ್ಥಾಪಕರ ತಾಯಿಯವರೇ ಎಂದು ಜನ ಕೇಳುತ್ತಾರೆ. ಇಟಲಿಯವರು ಯುರೋ ಬರುವ ತನಕ ತಮ್ಮ ಸಾವಿರ ಲೀರಾ ನೋಟಿನ ಮೇಲೆ ಆಕೆಯ ಮುಖವನ್ನೇ ಅಚ್ಚು ಹಾಕಿದ್ದರು. ಆಕೆಯ ಹೆಸರಿನಲ್ಲಿ ನೋಟು ಎಣಿಸುವುದು ನಮ್ಮಲ್ಲೇ ಮೊದಲಾದದ್ದಲ್ಲ ಎಂದು ಸಮಾಧಾನ ಮಾಡಿಕೊಳ್ಳಿ.

ಎಚ್ಚರಿಕೆ: ಮೊಟ್ಟಮೊದಲ ಮಾಂಟೆಸ್ಸರಿಯಲ್ಲಿ ಯಾರ ಮಕ್ಕಳು ಕಲಿತರು ಎಂದು ಯಾವನಾದರೂ ಪಾಲಕ ಕೇಳಿದರೆ ಮಾತು ಬದಲಿಸಿ. 1907ರ ಜನವರಿ 6ರಂದು ರೋಮಿನ ಸಾನ್ ಲೊರೆಂಜೊ ಎಂಬ ಬಡವರ ಓಣಿಯಲ್ಲಿ ಅದು ಶುರುವಾಯಿತು. ಅಪ್ಪ ಅವ್ವ ಇಬ್ಬರೂ ಕೂಲಿಗೆ ಹೋದ ಮೇಲೆ ಮಕ್ಕಳು ಹೊಸ ಚಾಳಿನ ಗೋಡೆಗೆ ಗೀಚುತ್ತಿದ್ದವು, ಮೆಟ್ಟಿಲು ಕೆಡಿಸುತ್ತಿದ್ದವು. ಸುಣ್ಣಬಣ್ಣದ ಖರ್ಚು ಉಳಿಸಲು ಚಾಳಿನ ಮಾಲೀಕರು ಒಂದು ಕೋಣೆ ಬಿಟ್ಟುಕೊಟ್ಟು, ಇವನ್ನು ಹಿಡಿದು ಕೂಡಿಸಿಕೊಳ್ಳಿ ಎಂದು ಡಾಕ್ಟರಾಗಿದ್ದ ಮಾಂಟೆಸ್ಸರಿಗೆ ಹೇಳಿದರು. ಈ ಸಂಗತಿ ನಿಮ್ಮ ಪ್ರಾಸ್ಪೆಕ್ಟಸ್ಸಿನಲ್ಲಿ ಅಚ್ಚಾದರೆ ಡೊನೇಶನ್ ಕೇಳುವುದು ಕಷ್ಟ.

ಡಬ್ಬಿಯಲ್ಲಿ ಏನೇನಿದೆ

ಮುಂಬೈಯಿಂದಲೋ ಪುಣೆಯಿಂದಲೋ ಪಾರ್ಸೆಲ್ ಬರುತ್ತದೆ. ತೆರೆದ ಕೂಡಲೇ ಗುಲಾಬಿ ಬಣ್ಣದ ಹತ್ತು ಮರದ ತುಂಡುಗಳು ಕಾಣುತ್ತವೆ. ಅತಿ ಸಣ್ಣದು ಒಂದು ಸೆಂಟಿಮೀಟರು, ಅತಿ ದೊಡ್ಡದು ಹತ್ತು ಸೆಂಟಿಮೀಟರು, ಉದ್ದ ಅಗಲ ಎತ್ತರ ಮೂರೂ ಸಮ. ಇದು ಗುಲಾಬಿ ಗೋಪುರ. ಇದೊಂದು ಇದ್ದರೆ ಫೋಟೋದಲ್ಲಿ ನಿಮ್ಮದು ಮಾಂಟೆಸ್ಸರಿ.

ನಿಮ್ಮೂರ ಬಡಿಗೇರನ ಹತ್ತಿರ ಮಾಡಿಸಿದರೆ ಅರ್ಧ ರೇಟಿಗೆ ಆಗುತ್ತದಲ್ಲ ಎಂದು ಯೋಚಿಸುತ್ತಿದ್ದರೆ, ಒಳ್ಳೆಯ ಯೋಚನೆಯೇ. ಆದರೆ ಬಡಿಗೇರನಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಈ ಗೋಪುರದ ತಂತ್ರವೆಲ್ಲ ಇರುವುದು ಅಳತೆಯಲ್ಲಿ. ಒಂದಕ್ಕಿಂತ ಇನ್ನೊಂದು ಸರಿಯಾಗಿ ಒಂದು ಸೆಂಟಿಮೀಟರು ದೊಡ್ಡದು. ಮೂಲೆಗೆ ಮೂಲೆ ಹೊಂದಿಸಿ ಇಟ್ಟರೆ, ಪ್ರತಿ ಮೆಟ್ಟಿಲ ಅಂಚಿನಲ್ಲೂ ಆ ಅತಿ ಸಣ್ಣ ತುಂಡು ಕರಾರುವಾಕ್ಕಾಗಿ ಕೂಡಬೇಕು. ಮಗು ತಪ್ಪಾಗಿ ಜೋಡಿಸಿದರೆ ಗೋಪುರವೇ ಅದಕ್ಕೆ ತಿಳಿಸುತ್ತದೆ, ಟೀಚರು ಬಾಯಿ ತೆರೆಯುವ ಕೆಲಸವೇ ಇಲ್ಲ. ಬಡಿಗೇರ ಎರಡು ಮಿಲಿಮೀಟರು ಆಚೀಚೆ ಮಾಡಿದನೋ, ಆಗ ಗೋಪುರ ಸುಳ್ಳು ಹೇಳತೊಡಗುತ್ತದೆ, ತಿದ್ದಲು ಟೀಚರು ಏಳಬೇಕಾಗುತ್ತದೆ. ಟೀಚರು ಎದ್ದರೆ ಮಾಂಟೆಸ್ಸರಿ ಮುಗಿಯಿತು. ಇನ್ನೊಂದು: ಎಲ್ಲ ಒಂದೇ ಕಟ್ಟಿಗೆಯದಾಗಿರಲಿ. ದೊಡ್ಡ ತುಂಡು ಸಣ್ಣದರ ಸಾವಿರ ಪಟ್ಟು ತೂಗಬೇಕು. ಎರಡೂ ಕೈಯಿಂದ ತಬ್ಬಿ ಎತ್ತುವುದು, ಎರಡು ಬೆರಳಿಂದ ಹಿಡಿಯುವುದು, ಈ ಎರಡರ ನಡುವಿನ ಫರಕನ್ನು ಮೂರು ವರ್ಷದ ಕೂಸು ಹತ್ತು ಹೆಜ್ಜೆಯಲ್ಲಿ ಕಲಿಯುತ್ತದೆ.

ಇನ್ನುಳಿದ ಸಾಮಾನು: ತೂತಿನಲ್ಲಿ ಕೂಡುವ ಗಟ್ಟಿ ದಿಂಡುಗಳು, ಹತ್ತು ಸೆಂಟಿಮೀಟರಿನಿಂದ ಒಂದು ಮೀಟರಿನ ತನಕದ ಕೆಂಪು ಕೋಲುಗಳು, ಗುಂಡಿ ಹಾಕುವ ಚೌಕಟ್ಟು, ಪಾಲಿಶ್ ಪೇಪರಿನ ಅಕ್ಷರ, ಹತ್ತು ನೂರು ಸಾವಿರ ಎಣಿಸುವ ಬಂಗಾರ ಬಣ್ಣದ ಮಣಿ. ವಾಸನೆಯ ಶೀಶೆಗಳೂ ಬರುತ್ತವೆ. ನಮ್ಮ ಭಾಗಕ್ಕೆ ಅವು ದಂಡ ಖರ್ಚು. ನಿಪ್ಪಾಣಿಯ ಕೂಸಿಗೆ ತಂಬಾಕಿನ ಘಾಟು, ಉಗಾರದ ಕೂಸಿಗೆ ಕಾರ್ಖಾನೆಯ ಕಾಕಂಬಿ, ಅಥಣಿಯ ಕೂಸಿಗೆ ಹದ ಮಾಡಿದ ತೊಗಲು. ಕಣ್ಣು ಕಟ್ಟಿ ಬಸ್ಸಿನಲ್ಲಿ ಕೂಡಿಸಿದರೂ ಮೂಗಿನ ಮೇಲೇ ಊರು ಹೇಳುತ್ತವೆ.

ಪ್ರತಿಯೊಂದು ಸಾಮಾನೂ ಒಂದೇ ಇರಬೇಕು. ಜಿಪುಣತನಕ್ಕಲ್ಲ, ಪದ್ಧತಿಯೇ ಹಾಗೆ. ಇನ್ನೊಬ್ಬ ಮುಗಿಸುವ ತನಕ ಕಾಯುವುದೂ ಪಾಠ. ತರಿಸಿದ್ದು ಒಂದೇ ಸೆಟ್ಟು ಎಂದು ಇದುವರೆಗೆ ನಾಚಿಕೊಂಡಿದ್ದರೆ ಇನ್ನು ಮೇಲೆ ಎದೆ ಉಬ್ಬಿಸಿ ಹೇಳಿ.

ಕಪಾಟು

ಗಾಜಿನ ಬಾಗಿಲಿನ ಗೋದ್ರೆಜ್ ಕಪಾಟು ತರಿಸಿ, ಎಲ್ಲವನ್ನೂ ಜೋಡಿಸಿ, ಬೀಗ ಹಾಕಿ, ಕೀಲಿ ಅಧ್ಯಕ್ಷರ ಹತ್ತಿರ ಇರಲಿ. ಮೇ ತಿಂಗಳಲ್ಲಿ ಅಡ್ಮಿಶನ್ನಿಗೆ ಬಂದ ಪಾಲಕರಿಗೆ ತೋರಿಸಿ. ಸಾಮಾನು ಹತ್ತು ವರ್ಷ ಬಾಳುತ್ತದೆ.

ಇದಕ್ಕೊಂದು ಹಳೆಯ ತೊಡಕಿದೆ. ಸಾನ್ ಲೊರೆಂಜೊದಲ್ಲೂ ಶುರುವಿನಲ್ಲಿ ಇಂಥದೇ ಎತ್ತರದ ಕಪಾಟು, ಇಂಥದೇ ಬೀಗ. ಒಂದು ದಿನ ಟೀಚರು ಬರುವುದು ತಡವಾಯಿತು, ಹಿಂದಿನ ದಿನ ಬೀಗ ಹಾಕುವುದೂ ಮರೆತಿತ್ತು. ಬಂದು ನೋಡಿದರೆ ಮಕ್ಕಳು ತಾವೇ ತೆಗೆದು, ಬೇಕಾದ್ದು ಆರಿಸಿಕೊಂಡು, ಗದ್ದಲ ಮಾಡದೆ ಕೆಲಸಕ್ಕೆ ಕೂತಿವೆ. ಟೀಚರು ಕಳ್ಳತನ ಅಂದರು. ಮಾಂಟೆಸ್ಸರಿ ಮಾತ್ರ, ಇವಕ್ಕೆ ತಮಗೇನು ಬೇಕೆಂದು ಗೊತ್ತಿದೆ ಎಂದುಕೊಂಡು, ಮಕ್ಕಳ ಕೈಗೆಟಕುವಷ್ಟು ಗಿಡ್ಡ ಕಪಾಟು ಮಾಡಿಸಿದರು. ಇಡೀ ಪದ್ಧತಿ ಹುಟ್ಟಿದ್ದು ಒಂದು ಮರೆತ ಬೀಗದಿಂದ ಎಂದರೂ ತಪ್ಪಿಲ್ಲ. ನೀವು ಮರೆಯದಂತೆ ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಳ್ಳಿ.

ಕೈಗೆಲಸ

ಕೈಪಿಡಿಯ ಈ ಭಾಗವನ್ನು ಪಾಲಕರಿಗೆ ತೋರಿಸಬೇಡಿ, ಫೀ ವಾಪಸು ಕೇಳಿಯಾರು.

ಮಾಂಟೆಸ್ಸರಿ ಕೋಣೆಯಲ್ಲಿ ಅಕ್ಷರಕ್ಕಿಂತ ಅಂಕಿಗಿಂತ ಮೊದಲು ಬರುವುದು ಮನೆಗೆಲಸ. ನೀರು ಬಗ್ಗಿಸುವುದು, ಕಾಳು ಆರಿಸುವುದು, ಕಸ ಗುಡಿಸುವುದು, ಬಟ್ಟೆ ಮಡಚುವುದು, ಮೇಜು ಒರೆಸುವುದು. ಎರಡೂವರೆ ವರ್ಷದ ಹುಡುಗನ ಮುಂದೆ ಒಂದು ಟ್ರೇ, ಅದರಲ್ಲಿ ಎರಡು ಸ್ಟೀಲ್ ವಾಟಗ, ಒಂದರಲ್ಲಿ ಜೋಳ. ಅವನು ತುಂಬಿದ ವಾಟಗವನ್ನು ಎರಡೂ ಕೈಯಿಂದ ಎತ್ತುತ್ತಾನೆ, ನಾಲಿಗೆ ತುಟಿಯ ಮೂಲೆಗೆ ಬರುತ್ತದೆ. ಮೆಲ್ಲಗೆ ಬಗ್ಗಿಸುತ್ತಾನೆ. ಜೋಳ ಸುರಿಯುವ ಸಪ್ಪಳ ನಿಂತ ಮೇಲೂ ವಾಟಗವನ್ನು ಹಾಗೇ ಹಿಡಿದಿರುತ್ತಾನೆ, ಕೊನೆಯ ಕಾಳು ಬೀಳಲಿ ಎಂದು. ನಾಲ್ಕು ಕಾಳು ಟ್ರೇಯ ಮೇಲೆ, ಒಂದು ಚಾಪೆಯ ಅಡಿಗೆ. ಚಾಪೆ ಎತ್ತಿ, ಹೆಬ್ಬೆರಳು ತೋರುಬೆರಳ ನಡುವೆ ಆ ಕಾಳು ಹಿಡಿದು, ವಾಟಗಕ್ಕೆ ಹಾಕಿ, ಮತ್ತೆ ಮೊದಲಿಂದ ಶುರು. ಮುಂದೆ ಪೆನ್ಸಿಲ್ ಹಿಡಿಯುವುದೂ ಇದೇ ಬೆರಳುಗಳೇ. ಅವನು ಹೀಗೆ ಅರ್ಧ ತಾಸು ಕೂತರೂ ಟೀಚರು ನಡುವೆ ಬಾಯಿ ಹಾಕಬಾರದು. ಶಾಬ್ಬಾಸ್ ಎಂದೂ ಅನ್ನಬಾರದು. ಶಾಬ್ಬಾಸ್ ಅಂದರೆ ತಲೆ ಎತ್ತುತ್ತಾನೆ, ತಲೆ ಎತ್ತಿದರೆ ಕೆಲಸ ಕೆಟ್ಟಿತು.

ಈಗ ಆ ಹುಡುಗನ ಆಯಿ ಬರುತ್ತಾಳೆ.

"ಅಲ್ರೀ ಬಾಯಾರ, ನಮ್ಮ ಹುಡುಗ ಸಾಲ್ಯಾಗ ಜ್ವಾಳಾ ಅಳಿತಾನಂತ, ಖರೇ ಏನ್ರಿ?"

"ಹೌದ್ರೀ ಆಯಿ. ಈ ವಾಟಗದಿಂದ ಆ ವಾಟಗಕ್ಕ ಹಾಕ್ತಾನ್ರಿ."

"ಚೆಲ್ಲಿದ್ರ?"

"ಅವನ ಆರಿಸ್ತಾನ್ರಿ."

"ಮನ್ಯಾಗ ಜ್ವಾಳದ ಚೀಲಕ್ಕ ಕೈ ಹಾಕಿದ್ರ ನಾ ಬೈತೀನ್ರಿ ಅವಂಗ. ಇಲ್ಲಿ ರೊಕ್ಕಾ ಕೊಟ್ಟು ಹಾಕಸ್ತೀವ್ರಿ?"

ಈ ಪ್ರಶ್ನೆಗೆ ಉತ್ತರ ಈ ಕೈಪಿಡಿಯಲ್ಲಿ ಇಲ್ಲ. ಜಗತ್ತಿನ ಯಾವ ಮಾಂಟೆಸ್ಸರಿ ಕೈಪಿಡಿಯಲ್ಲೂ ಇರಲಾರದು. ಆಯಿ ಕೇಳಿದ್ದು ಸರಿಯೇ ಇದೆ. ಶೇಂಗಾ ಸುಲಿಯುವುದು, ತೊಗರಿಯಲ್ಲಿ ಹಳ್ಳು ಆರಿಸುವುದು, ತಂಬಿಗೆಯಿಂದ ಬಟ್ಟಲಿಗೆ ನೀರು ಬಗ್ಗಿಸುವುದು, ಹಿಟ್ಟಿನ ಮುದ್ದೆಯಿಂದ ಒಂದು ಸಣ್ಣ ರೊಟ್ಟಿ ಬಡಿಯುವುದು: ಮಾಂಟೆಸ್ಸರಿ ಸಾಮಾನಿನ ಅರ್ಧ ನಮ್ಮ ಅಡುಗೆಮನೆಯ ಮೂಲೆಯಲ್ಲಿ ಫೀ ಇಲ್ಲದೆ ಬಿದ್ದಿದೆ. ಕೂಸು ಮುಟ್ಟಲು ಬಂದರೆ ಮೊಬೈಲ್ ಕೊಟ್ಟು ಆಚೆ ಕೂಡಿಸುತ್ತೇವೆ, ಅಷ್ಟೇ ವ್ಯತ್ಯಾಸ.

ಇಲ್ಲೊಂದು ಗೆರೆ ಎಳೆಯಬೇಕು, ತಮಾಷೆ ಬದಿಗಿಟ್ಟು. ನಿಪ್ಪಾಣಿಯ ಓಣಿಗಳಲ್ಲಿ ಅವ್ವನ ಪಕ್ಕ ಕೂತು ಬೀಡಿ ಎಲೆ ಕತ್ತರಿಸುವ ಮಗುವಿನ ಬೆರಳೂ ಚುರುಕೇ. ಕಣ್ಣಳತೆ ಅದಕ್ಕಿಂತ ಚುರುಕು. ಅದನ್ನು ಯಾರೂ ಮಾಂಟೆಸ್ಸರಿ ಎಂದು ಕರೆಯಬಾರದು. ಅಲ್ಲಿ ಲೆಕ್ಕ ಸಾವಿರ ಬೀಡಿಗೆ ಇಷ್ಟು ರೂಪಾಯಿ ಎಂದು. ಸಾಕೆನಿಸಿದಾಗ ಎದ್ದು ಹೋಗುವ ಹಕ್ಕು ಮಗುವಿಗಿಲ್ಲ, ಮೂಗಿಗೆ ಹೋಗುವುದು ತಂಬಾಕಿನ ಧೂಳು. 1986ರ ಬಾಲಕಾರ್ಮಿಕ ಕಾಯ್ದೆಯ ನಿಷೇಧದ ಪಟ್ಟಿಯಲ್ಲೇ ಬೀಡಿ ಕಟ್ಟುವುದು ಇತ್ತು. ಕೆಲಸ ಬೇಡವಾದಾಗ ಬಿಟ್ಟೇಳಲು ಬರುತ್ತದೆಯೋ ಇಲ್ಲವೋ, ಅದನ್ನು ನೋಡಿ ಹೇಳಿ ಇದು ಮಾಂಟೆಸ್ಸರಿಯೋ ಮಜೂರಿಯೋ ಎಂದು. ಈ ಮಾನದಂಡ ಹಚ್ಚಿದರೆ ದಿನಕ್ಕೆ ನಾಲ್ಕು ಪುಟ ಕಾಪಿ ಬರೆಸುವ ಎಲ್‌ಕೆಜಿಗಳು ಯಾವ ಕಡೆ ಬೀಳುತ್ತವೆ ಎಂಬುದನ್ನು ನೀವೇ ನೋಡಿಕೊಳ್ಳಿ.

ಬೂಟು, ಟೈ ಇತ್ಯಾದಿ

ಕರಿ ಬೂಟು, ಬಿಳಿ ಸಾಕ್ಸು, ಎಲಾಸ್ಟಿಕ್ ಟೈ ಕಡ್ಡಾಯ ಮಾಡಿ. ಏಪ್ರಿಲಿನ ಬಿಸಿಲಲ್ಲೂ ಬಿಡಬೇಡಿ. ಮಗುವಿಗೆ ತಾನೇ ಹಾಕಿಕೊಳ್ಳಲು ಬರುವ ಉಡುಪು ಇರಬೇಕೆಂದು ಮಾಂಟೆಸ್ಸರಿ ಹೇಳಿದ್ದು ರೋಮಿನವರಿಗೆ. ನಮ್ಮಲ್ಲಿ ಲೇಸು ಕಟ್ಟಲು ಅಜ್ಜ ಇದ್ದಾನೆ.

ಇದರಲ್ಲಿ ಅಥಣಿಯದೊಂದು ಚೋದ್ಯ ಉಂಟು. ಜಗತ್ತಿನಲ್ಲಿ ಮೂರು ವರ್ಷದವನು ಯಾರ ಸಹಾಯವೂ ಇಲ್ಲದೆ ಮೆಟ್ಟಿಕೊಳ್ಳಬಹುದಾದ ಪಾದರಕ್ಷೆ ಯಾವುದಾದರೂ ಇದ್ದರೆ ಅದು ಅಥಣಿಯ ಕುಶಲಕರ್ಮಿಗಳು ಹೊಲಿಯುವ ಕೊಲ್ಹಾಪುರಿ ಚಪ್ಪಲಿ. ಲೇಸಿಲ್ಲ, ಬಕಲಿಲ್ಲ. 2019ರಲ್ಲಿ ಅದಕ್ಕೆ ಜಿಐ ಮಾನ್ಯತೆಯೂ ಸಿಕ್ಕಿತು, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಕ್ಕೂ ಪಾಲು. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿಯವರು ಮಿಲಾನಿನ ಫ್ಯಾಶನ್ ಶೋದಲ್ಲಿ ಥೇಟ್ ಅಂಥದೇ ಚಪ್ಪಲಿ ಮೆಟ್ಟಿಸಿ ನಡೆಸಿ, ಗದ್ದಲವಾದ ಮೇಲೆ ಹೌದು ಭಾರತದ್ದೇ ಪ್ರೇರಣೆ ಎಂದು ಒಪ್ಪಿಕೊಂಡರು. ಇಟಲಿಯಿಂದ ನಮಗೆ ಮಾಂಟೆಸ್ಸರಿ ಬಂತು, ನಮ್ಮಿಂದ ಇಟಲಿಗೆ ಚಪ್ಪಲಿ ಹೋಯಿತು. ನಡುವೆ ಅಥಣಿಯ ಕೂಸಿನ ಕಾಲಿಗೆ ಮಾತ್ರ ಬೂಟು ಬಂತು.

ಮೀಡಿಯಂ

ಬೋರ್ಡಿನಲ್ಲಿ ಇಂಗ್ಲಿಷ್ ಮೀಡಿಯಂ ಎಂದು ಮಾಂಟೆಸ್ಸರಿಗಿಂತ ದಪ್ಪ ಅಕ್ಷರದಲ್ಲಿ ಇರಲಿ. ಎರಡರಲ್ಲಿ ಒಂದನ್ನೇ ಬರೆಸುವಷ್ಟು ಪೇಂಟ್ ಇದ್ದರೆ ಮಾಂಟೆಸ್ಸರಿ ಬಿಡಿ.

ಇಂಗ್ಲಿಷಿಗೂ ಮಾಂಟೆಸ್ಸರಿಗೂ ಏನು ಸಂಬಂಧ ಎಂದು ಕೇಳುವವರು ಕಡಿಮೆ. ಸಂಬಂಧ ಇಷ್ಟು: ಥಿಯೊಸಾಫಿಕಲ್ ಸೊಸೈಟಿಯವರ ಕರೆಯ ಮೇರೆಗೆ 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದಿಳಿದಾಗ ಮಾರಿಯಾ ಮಾಂಟೆಸ್ಸರಿಗೆ 69 ವರ್ಷ. ದೇಶದ ಮೂಲೆಮೂಲೆಯಿಂದ ಸುಮಾರು 300 ಜನ ತರಬೇತಿಗೆ ಬಂದಿದ್ದರು. ಆಕೆ ಮಾತಾಡಿದ್ದೆಲ್ಲ ಇಟಾಲಿಯನ್‌ನಲ್ಲಿ. ಮಗ ಮಾರಿಯೋ ಪಕ್ಕದಲ್ಲಿ ನಿಂತು ಇಂಗ್ಲಿಷಿಗೆ ತಿರುಗಿಸುತ್ತಿದ್ದ. ಮರು ವರ್ಷ ಇಟಲಿ ಯುದ್ಧಕ್ಕಿಳಿದಾಗ ಬ್ರಿಟಿಷ್ ಸರ್ಕಾರ ಶತ್ರುದೇಶದವನೆಂದು ಆ ಮಗನನ್ನೇ ಹಿಡಿದು ಬಂಧನದಲ್ಲಿಟ್ಟಿತು. ಆಕೆಯ 70ನೇ ಹುಟ್ಟುಹಬ್ಬಕ್ಕೆ ಉಡುಗೊರೆ ಎಂಬಂತೆ, ಆಗಸ್ಟ್ 31ರಂದು ಬಿಟ್ಟಿತು. ತಾಯಿ ಮಗ ಯುದ್ಧ ಮುಗಿಯುವ ತನಕ ಇಲ್ಲೇ ಉಳಿದರು, ಕೊಡೈಕಾನಲ್ಲಿನಲ್ಲೂ ಕೆಲ ಕಾಲ ಇದ್ದರು. ಮಗುವಿನ ಮನಸ್ಸು ಸುತ್ತಲ ಮಾತನ್ನು ಹೇಗೆ ಹೀರಿಕೊಳ್ಳುತ್ತದೆ ಎಂಬ ಆಕೆಯ ಪ್ರಸಿದ್ಧ ಪುಸ್ತಕ ಮೊದಲು ಅಚ್ಚಾದದ್ದೂ 1949ರಲ್ಲಿ ಅಡ್ಯಾರಿನಲ್ಲೇ. ಸುತ್ತಲ ಮಾತು ಅಂದರೆ ಅವ್ವನ, ಆಯಿಯ, ಓಣಿಯ ಮಾತು. ಅದು ಇಂಗ್ಲಿಷ್ ಎಂದು ಆ ಪುಸ್ತಕದಲ್ಲಿ ಎಲ್ಲೂ ಇಲ್ಲ.

ನಮ್ಮ ಭಾಗದ ಕೂಸಿಗಂತೂ ಹೀರಲು ಮಾತಿನ ಬರವಿಲ್ಲ. ನಿಪ್ಪಾಣಿಯಲ್ಲಿ ಮನೆಯೊಳಗೆ ಮರಾಠಿ, ಸಂತೆಯಲ್ಲಿ ಎರಡೂ. ಕಾಗವಾಡದಲ್ಲಿ ಒಂದೇ ವಾಕ್ಯದ ತಲೆ ಕನ್ನಡ, ಬಾಲ ಮರಾಠಿ. ಕುಡಚಿಯಲ್ಲಿ ಉರ್ದುವೂ ಸೇರುತ್ತದೆ. ನಿಪ್ಪಾಣಿ ಹುಡುಗರು ದೇವಚಂದ ಕಾಲೇಜಿಗೆಂದು ಪಕ್ಕದ ಅರ್ಜುನನಗರಕ್ಕೆ ಕಾಲಿಟ್ಟರೆ ಅದು ಮಹಾರಾಷ್ಟ್ರ, ಮಧ್ಯಾಹ್ನ ಊಟಕ್ಕೆ ಮರಳಿದರೆ ಕರ್ನಾಟಕ. ಗಡಿಯ ಬಗ್ಗೆ ದೊಡ್ಡವರು 1956ರಿಂದ ಜಗಳಾಡುತ್ತಿದ್ದಾರೆ, ನಾಲ್ಕು ವರ್ಷದ ಕೂಸು ಆಯಿಗೊಂದು ಭಾಷೆ, ಅಂಗಡಿಯವನಿಗೊಂದು ಭಾಷೆ ಎಂದು ಹಂಚಿಕೊಂಡು ಆರಾಮಾಗಿದೆ. ನೀವು ಮಾಡಬೇಕಾದ್ದು ಇಷ್ಟೇ: ಆ ಕೂಸನ್ನು ಗೇಟಿನೊಳಗೆ ಕರೆದುಕೊಂಡು, ಕನ್ನಡ ಮಾತಾಡಿದರೆ ದಂಡ, ಮರಾಠಿ ಮಾತಾಡಿದರೆ ಡಬಲ್ ದಂಡ ಎಂದು ಹೇಳಿ, ಮೂಗನನ್ನಾಗಿ ಮಾಡಿ, ಆಮೇಲೆ ಮೈ ನೇಮ್ ಈಸ್ ಎಂದು ಶುರು ಮಾಡುವುದು.

ಪಾಲಿಶ್ ಪೇಪರಿನ ಅಕ್ಷರಗಳ ವಿಷಯ. ಉಸುಕಿನಲ್ಲಿ ಬೆರಳಾಡಿಸಿ ಅಕ್ಷರ ಕಲಿತ ಮುತ್ಯಾಗಳಿಗೆ ಇದು ಹೊಸದಲ್ಲ. ಮಗು ಎರಡು ಬೆರಳಿಂದ ಅಕ್ಷರ ಸವರುತ್ತದೆ, ಟೀಚರು ಅಕ್ಷರದ ದನಿ ಹೇಳುತ್ತಾರೆ. ಇಟಲಿಯ ಮಕ್ಕಳು ಹೀಗೆ ಸವರಿ ಸವರಿ ಒಂದು ದಿನ ಸೀಮೆಸುಣ್ಣ ಹಿಡಿದು ತಾವಾಗಿ ಬರೆಯತೊಡಗಿದವು, ಓದುವುದಕ್ಕಿಂತ ಮೊದಲೇ. ಅದಕ್ಕೆ ಕಾರಣವಿದೆ, ಇಟಾಲಿಯನ್‌ನಲ್ಲಿ ಬಹುಮಟ್ಟಿಗೆ ಅಂದಂತೆ ಬರೆಯುತ್ತಾರೆ. ಕನ್ನಡವೂ ಹಾಗೇ, ಮರಾಠಿಯೂ ಬಹುತೇಕ ಹಾಗೇ. ಕ ಎಂದರೆ ಕ. ಇಂಗ್ಲಿಷಿನಲ್ಲಿ ಅಕ್ಷರದ ಹೆಸರು ಸಿ, ದನಿ ಒಮ್ಮೆ ಕ, ಒಮ್ಮೆ ಸ. ಅಂದರೆ ಈ ಪದ್ಧತಿ ಸಲೀಸಾಗಿ ಕೂಡುವ ಭಾಷೆ ಬಿಟ್ಟು, ಒದ್ದಾಡುವ ಭಾಷೆಗೆ ಹಚ್ಚುತ್ತೇವೆ. ಕನ್ನಡಕ್ಕೂ ಅದರದೇ ತಾಪತ್ರಯ ಇಲ್ಲದಿಲ್ಲ. 49 ಅಕ್ಷರ ಕತ್ತರಿಸಿ ಅಂಟಿಸಿದರೆ ಮುಗಿಯಲಿಲ್ಲ, ಗುಣಿತದ ಚಿಹ್ನೆಗೆ ಬೇರೆ ಡಬ್ಬಿ, ಒತ್ತಕ್ಷರಕ್ಕೆ ಇನ್ನೊಂದು ಡಬ್ಬಿ. ಇದು ಕೈಯಿಂದ ಮಾಡಬೇಕಾದ ಕೆಲಸ. ಪಾರ್ಸೆಲ್ಲಿನಲ್ಲಿ ಬರುವುದು ಎ ಬಿ ಸಿ ಡಿ, ಆದ್ದರಿಂದ ಎ ಬಿ ಸಿ ಡಿ.

ಮೌನದ ಆಟ

ಎಲ್ಲ ಮಕ್ಕಳೂ ಕಣ್ಣು ಮುಚ್ಚಿ ಅಲುಗದೆ ಕೂತು, ದೂರದಿಂದ ಟೀಚರು ಪಿಸುಗುಟ್ಟುವ ತಮ್ಮ ಹೆಸರು ಕೇಳಿಸಿದಾಗ ಎದ್ದು ಬರುವುದು. ಆಟ ಚೆಂದ. ಕಬ್ಬಿನ ಹಂಗಾಮಿನಲ್ಲಿ ಮಾತ್ರ ಆಡತಕ್ಕದ್ದಲ್ಲ. ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರು, ಅದರ ಮೇಲೆ ಸೌಂಡ್ ಬಾಕ್ಸು, ರಾಯಬಾಗ ರೋಡಿನಲ್ಲಿ ನಿಮಿಷಕ್ಕೊಂದು.

ಪಾಲಕರು

ಇಬ್ಬಗೆಯ ಪಾಲಕರು ಬರುತ್ತಾರೆ. ಒಬ್ಬರು, "ಹೋಮ್‌ವರ್ಕ್ ಕೊಡೂದಿಲ್ಲೇನ್ರಿ?" ಎನ್ನುವವರು. ಇನ್ನೊಬ್ಬರು, "ಹೋಮ್‌ವರ್ಕ್ ಸಾಲಾಂಗಿಲ್ರಿ, ಇನ್ನಷ್ಟು ಕೊಡ್ರಿ" ಎನ್ನುವವರು. ಮೂರನೆಯ ಬಗೆ ಈ ಭಾಗದಲ್ಲಿ ಇನ್ನೂ ಕಂಡುಬಂದಿಲ್ಲ.

ಪದ್ಧತಿಯ ಪ್ರಕಾರ ಹೆಸರು ಕಲಿಸಲು ಮೂರು ಹಂತ. ಮೊದಲು, ಇದು ದೊಡ್ಡದು, ಇದು ಸಣ್ಣದು ಎಂದು ಹೇಳುವುದು. ಆಮೇಲೆ ದೊಡ್ಡದು ಯಾವುದು, ಕೊಡು ನೋಡೋಣ ಎಂದು ಆಡಿಸುವುದು; ಇದೇ ದೀರ್ಘ, ಇದರಲ್ಲೇ ದಿನಗಟ್ಟಲೆ ಕಳೆಯಬೇಕು. ಕಟ್ಟಕಡೆಗೆ, ಇದು ಏನು ಎಂದು ಕೇಳುವುದು. ನಮ್ಮಲ್ಲಿ ಮನೆಗೆ ಬೀಗರು ಬಂದಾಗ ನೇರ ಮೂರನೆಯ ಹಂತ. "ಹೇಳಪಾ, ಏ ಫಾರ್?" ಕೂಸು ಅವ್ವನ ಸೀರೆಯ ಹಿಂದೆ ಅಡಗುತ್ತದೆ. "ಸಾಲ್ಯಾಗ ಏನೂ ಕಲಿಸೂದಿಲ್ರಿ" ಎಂದು ತೀರ್ಪು ಅಲ್ಲಿಯೇ ಆಗುತ್ತದೆ. ಮರುದಿನ ನಿಮ್ಮ ಗೇಟಿಗೆ ಬರುತ್ತದೆ. ಆಗ ಕಪಾಟಿನ ಬೀಗ ತೆಗೆದು ಗುಲಾಬಿ ಗೋಪುರ ತೋರಿಸಿ.

ಪಕ್ಕದಲ್ಲಿ ಬಾಲವಾಡಿ ಇದ್ದರೆ

ದೋಷ ನಿವಾರಣೆಯಲ್ಲಿ ಅತಿ ಕಠಿಣ ಸಮಸ್ಯೆ ಇದು. ನಿಮ್ಮ ಕಾಂಪೌಂಡಿನ ಆಚೆ, ಗುಡಿಯ ಪಕ್ಕ ಒಂದು ಅಂಗನವಾಡಿ ಇದ್ದೇ ಇರುತ್ತದೆ. ನಮ್ಮವರ ಬಾಯಲ್ಲಿ ಇನ್ನೂ ಬಾಲವಾಡಿಯೇ. ಒಂದೇ ಕೋಣೆ. ಮೂರರಿಂದ ಆರು ವರ್ಷದವರೆಲ್ಲ ಒಟ್ಟಿಗೆ. ಐದು ವರ್ಷದ ಅಕ್ಕ ಮೂರು ವರ್ಷದ ತಮ್ಮನ ಚಣ್ಣದ ಗುಂಡಿ ಹಾಕುತ್ತಿದ್ದಾಳೆ. ನೆಲದ ಮೇಲೆ ಕೂತಿದ್ದಾರೆ. ಆಟಿಕೆ ಒಂದೊಂದೇ ಇದೆ. ಟೈ ಇಲ್ಲ, ಬೂಟಿಲ್ಲ, ಪರೀಕ್ಷೆ ಇಲ್ಲ. ಮನೆಮಾತು. ನಿಮ್ಮಲ್ಲಿ ಪ್ಲೈವುಡ್ ಹೊಡೆದು ನರ್ಸರಿ, ಎಲ್‌ಕೆಜಿ, ಯುಕೆಜಿ ಎಂದು ವಯಸ್ಸಿಗೊಂದು ಗೂಡು ಮಾಡಿದ್ದೀರಿ, 35 ನಿಮಿಷಕ್ಕೊಮ್ಮೆ ಗಂಟೆ ಬಾರಿಸುತ್ತೀರಿ. ಮಾಂಟೆಸ್ಸರಿಯೇ ಎದ್ದು ಬಂದು ತಮ್ಮ ಪದ್ಧತಿ ಎಲ್ಲಿದೆ ಎಂದು ಹುಡುಕಿದರೆ ಯಾವ ಬಾಗಿಲಿಗೆ ಹೋದಾರು ಎಂಬ ಅನುಮಾನ ಬರುವಂತಿದೆ.

ಅನುಮಾನಕ್ಕೆ ವಂಶಾವಳಿಯ ಆಧಾರವೂ ಇದೆ. ಸೌರಾಷ್ಟ್ರದ ವಕೀಲ ಗಿಜುಭಾಯಿ ಬಧೇಕಾ ಮಾಂಟೆಸ್ಸರಿಯ ಪುಸ್ತಕ ಓದಿ, ಕೋರ್ಟು ಬಿಟ್ಟು, 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ಶುರು ಮಾಡಿದರು. ಹೊಡೆತವಿಲ್ಲ, ಬಹುಮಾನವೂ ಇಲ್ಲ. ಕತೆ, ಹಾಡು, ಮಣ್ಣು, ನೀರು. ಜನ ಅವರನ್ನು ಮೀಸೆಯ ತಾಯಿ ಎಂದು ಕರೆದರು. ಅವರ ಜೊತೆ ದುಡಿದ ತಾರಾಬಾಯಿ ಮೋಡಕ್ 1926ರಲ್ಲಿ ನೂತನ ಬಾಲ ಶಿಕ್ಷಣ ಸಂಘ ಕಟ್ಟುವಲ್ಲಿ ಮುಂದಿದ್ದರು. ಪಟ್ಟಣದ ಉಳ್ಳವರ ಮಕ್ಕಳಿಗಷ್ಟೇ ಇದು ಮುಟ್ಟುತ್ತಿದೆ ಎಂಬ ಕೊರಗಿನಿಂದ 1945ರಲ್ಲಿ ಆಗಿನ ಠಾಣೆ ಜಿಲ್ಲೆಯ ಕಡಲತಡಿಯ ಬೋರ್ಡಿ ಎಂಬ ಹಳ್ಳಿಗೆ ಹೋದರು, ಜೊತೆಗೆ ಅನುತಾಯಿ ವಾಘ್. ಅಲ್ಲಿನ ಬಡವರ, ದಲಿತರ, ಆದಿವಾಸಿಗಳ ಮಕ್ಕಳು ಬಾಲವಾಡಿಗೆ ಬರಲಿಲ್ಲ. ಬರದಿದ್ದರೆ ನಾವೇ ಹೋಗೋಣ ಎಂದು ಅವರ ಓಣಿಯ ಅಂಗಳದಲ್ಲೇ ಕೂತರು. ಪಾರ್ಸೆಲ್ಲಿನ ಮರದ ಸಾಮಾನು ಕೈಗೆಟಕುವ ಮಾತೇ ಇಲ್ಲ. ಕಪ್ಪೆಚಿಪ್ಪು, ಬೀಜ, ಕಡ್ಡಿ, ಎಲೆ, ಹಳ್ಳು ಇವನ್ನೇ ಸಣ್ಣದು ದೊಡ್ಡದು, ನುಣುಪು ಒರಟು, ಹಗುರ ಭಾರ ಎಂದು ವಿಂಗಡಿಸಲು ಕೊಟ್ಟರು. ಅಂಗಳದಲ್ಲಿ ನಡೆದದ್ದಕ್ಕೆ ಅಂಗನವಾಡಿ ಎಂದರು. 1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ಮಕ್ಕಳಿಗಾಗಿ ಒಂದು ಯೋಜನೆಯನ್ನು ದೇಶದ 33 ಕಡೆ ಶುರು ಮಾಡಿದಾಗ ಕೇಂದ್ರಗಳಿಗೆ ಇಟ್ಟದ್ದು ಇದೇ ಹೆಸರು. ಕರ್ನಾಟಕದ ಮೊದಲ ಪಾಳಿ ಟಿ. ನರಸೀಪುರದ್ದು.

ಹೀಗೆ ಸಾನ್ ಲೊರೆಂಜೊದ ಕೂಲಿಕಾರರ ಮಕ್ಕಳ ಕೋಣೆ ಭಾವನಗರ, ಬೋರ್ಡಿ ಸುತ್ತಿ ನಿಮ್ಮ ಪಕ್ಕದ ಗುಡಿಯ ಹತ್ತಿರ ಬಂದು ಕೂತಿದೆ, ಬೋರ್ಡು ಇಲ್ಲದೆ. ಬೋರ್ಡು ನಿಮ್ಮ ಹತ್ತಿರ ಇದೆ.

ಹಾಗಂತ ಬಾಲವಾಡಿಯನ್ನು ಹೊಗಳಿ ಹೊಗಳಿ ಅಟ್ಟಕ್ಕೇರಿಸುವವರ ಗುಂಪಿಗೆ ನನ್ನನ್ನು ಸೇರಿಸಬೇಡಿ. ಮಾಂಟೆಸ್ಸರಿಗೆ ಬೇಕಾದದ್ದು ಬೆಳಿಗ್ಗೆ ಮೂರು ತಾಸು ಅಡ್ಡಿಯಿಲ್ಲದ ಹೊತ್ತು. ಅಂಗನವಾಡಿ ಕಾರ್ಯಕರ್ತೆಗೆ ಮೂರು ನಿಮಿಷ ಸಿಕ್ಕರೆ ಪುಣ್ಯ. ಹಾಲಿನ ಪುಡಿ ಕಲಸಬೇಕು, ಮಕ್ಕಳ ತೂಕ ಹಾಕಬೇಕು, ಬಸುರಿಯರ ಪಟ್ಟಿ ಬರೆಯಬೇಕು, ಪೋಷಣ್ ಟ್ರ್ಯಾಕರ್ ಆ್ಯಪಿಗೆ ಫೋಟೋ ಏರಿಸಬೇಕು, ನೆಟ್‌ವರ್ಕ್ ಇಲ್ಲದಿದ್ದರೆ ಮಾಳಿಗೆ ಹತ್ತಬೇಕು, ಚುನಾವಣೆ ಬಂದರೆ ಆ ಕೆಲಸವೂ ಅವರದೇ. ಅವರ ಕೈಗೆ ಸಂಬಳವೂ ಬರುವುದಿಲ್ಲ, ಅದನ್ನು ಗೌರವಧನ ಎಂದು ಕರೆಯುತ್ತಾರೆ. ಇನ್ನು ಕಬ್ಬು ಕಡಿಯಲು ಬರುವ ಗ್ಯಾಂಗಿನವರ ಕೂಸುಗಳು ಹಂಗಾಮು ಮುಗಿಯುವ ತನಕ ಗದ್ದೆಯ ಬದುವಿನ ಗುಡಿಸಲಲ್ಲಿ. ಅವಕ್ಕೆ ನಿಮ್ಮ ಮಾಂಟೆಸ್ಸರಿಯೂ ಇಲ್ಲ, ಎಷ್ಟೋ ಸಲ ಬಾಲವಾಡಿಯೂ ಇಲ್ಲ. ಮೊದಲ ಮಾಂಟೆಸ್ಸರಿ ಶುರುವಾದದ್ದೇ ಇಂಥ ಮಕ್ಕಳಿಗಾಗಿ. ಯಾವುದಾದರೂ ಸಕ್ಕರೆ ಕಾರ್ಖಾನೆಯವರು ಈ ಕೈಪಿಡಿ ಓದುತ್ತಿದ್ದರೆ ಈ ಪುಟದ ಮೂಲೆ ಮಡಚಿಡಿ.

ಈ ನಡುವೆ ಸರ್ಕಾರಕ್ಕೂ ಬೋರ್ಡಿನ ಮಹಿಮೆ ತಿಳಿದುಬಿಟ್ಟಿದೆ. 2024ರಲ್ಲಿ ಬೆಂಗಳೂರಿನ 250 ಅಂಗನವಾಡಿಗಳನ್ನು 'ಸರ್ಕಾರಿ ಮಾಂಟೆಸ್ಸರಿ' ಎಂದು ಮೇಲ್ದರ್ಜೆಗೆ ಏರಿಸಿದರು. ಮಾಡಿದ ಇಲಾಖೆಯ ಸಚಿವೆ ಲಕ್ಷ್ಮೀ ಹೆಬ್ಬಾಳಕರ, ನಮ್ಮದೇ ಬೆಳಗಾವಿ ಜಿಲ್ಲೆಯವರು. ಮೊಮ್ಮಗಳಿಗೆ ಅಜ್ಜಿಯ ಹೆಸರು ಇಟ್ಟಂತಾಯಿತು. ನಿಮ್ಮ ಪಕ್ಕದ ಬಾಲವಾಡಿಗೂ ನಾಳೆ ಇದೇ ಬೋರ್ಡು ಬಂದರೆ ಗಾಬರಿಯಾಗಬೇಡಿ. ನಿಮ್ಮ ಬೋರ್ಡಿನ ಮುಂದೆ 'ಇಂಟರ್‌ನ್ಯಾಷನಲ್' ಎಂದು ಸೇರಿಸಿಕೊಳ್ಳಿ, ಗಡಿ ಹತ್ತಿರವೇ ಇದೆ.

ಗ್ಯಾದರಿಂಗ್

ವರ್ಷಕ್ಕೊಮ್ಮೆ ಗ್ಯಾದರಿಂಗ್ ಮಾಡದ ಸಾಲಿ ಸಾಲಿಯೇ ಅಲ್ಲ. ಡಿಸೆಂಬರ್ ಪೂರ್ತಿ ಪಾಠ ನಿಲ್ಲಿಸಿ, ಡಾನ್ಸ್ ಕಲಿಸಿ. ಒಂದು ಕನ್ನಡ ಹಾಡು ಇಟ್ಟರೆ ಒಂದು ಮರಾಠಿ ಹಾಡು, ಲೆಕ್ಕ ತಪ್ಪಬಾರದು. ಅತಿಥಿಗಳ ಭಾಷಣ ಮುಗಿಯುವ ತನಕ ಮೇಕಪ್ ಹಾಕಿದ ಮಕ್ಕಳನ್ನು ಎಬ್ಬಿಸಿಡಲು ಇಬ್ಬರು ಆಯಾಗಳನ್ನು ನೇಮಿಸಿ.

ವಾರಂಟಿ

ಕಪಾಟಿನ ಕೀಲಿ ಕಳೆದೋ, ಅಧ್ಯಕ್ಷರು ಊರಲ್ಲಿಲ್ಲದೆಯೋ, ಟೀಚರು ನಿಜವಾಗಿಯೂ ಎಲ್ಲೋ ತರಬೇತಿ ಪಡೆದು ಬಂದವಳಾಗಿಯೋ, ನಿಮ್ಮ ಸಂಸ್ಥೆಯಲ್ಲಿ ಕೆಲವು ಮಕ್ಕಳಿಗೆ ಮಾಂಟೆಸ್ಸರಿ ತಾಗಿಬಿಡುವ ಸಂಭವ ಇಲ್ಲದಿಲ್ಲ. ಅಂಥ ಕೂಸು ಒಂದನೇ ಇಯತ್ತೆಗೆ ಹೋಗುವ ತನಕ ಮಾತ್ರ ವಾರಂಟಿ. ಯಾವಾಗ ಹೋಗುತ್ತದೆ ಎಂಬುದು ಸರ್ಕಾರದ ಮರ್ಜಿ: ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂದು ನಿಯಮ, ಪಾಲಕರ ಗದ್ದಲಕ್ಕೆ ಮಣಿದು 2025-26ಕ್ಕಷ್ಟೇ ಎಂದು ಅದನ್ನು ಐದು ವರ್ಷ ಐದು ತಿಂಗಳಿಗೆ ಇಳಿಸಿದ್ದರು. ಹೊಸ ಸಾಲಿಯಲ್ಲಿ ಆ ಹುಡುಗಿ ಯಾರ ಅಪ್ಪಣೆಯನ್ನೂ ಕೇಳದೆ ಎದ್ದು ಹೋಗಿ ನೀರು ಕುಡಿದು, ಲೋಟ ತೊಳೆದು ಬೋರಲು ಹಾಕಿ, ಬಂದು ತನ್ನ ಜಾಗದಲ್ಲಿ ಕೂತರೆ ಸರ್ ಸಿಟ್ಟಾಗುತ್ತಾರೆ, ಪಾಲಕರನ್ನು ಕರೆಸುತ್ತಾರೆ, ಪಾಲಕರು ನಿಮ್ಮ ಹತ್ತಿರ ಬರುತ್ತಾರೆ. ಇದು ತಯಾರಿಕೆಯ ದೋಷವೆಂದು ಒಪ್ಪಿಕೊಳ್ಳಬೇಡಿ. ರಿಪೇರಿ ಇಲ್ಲ, ಮಾಲು ವಾಪಸು ತೆಗೆದುಕೊಳ್ಳುವುದಿಲ್ಲ ಎಂದು ರಸೀದಿಯ ಹಿಂದೆ ಮೊದಲೇ ಅಚ್ಚು ಹಾಕಿಸಿ.